ಮಾರಿಯೋ 8-4 ತನಕ: ಸೂಟಿಯಲ್ಲಿ ಅರ್ಧಕ್ಕೆ ಬಿಟ್ಟ ಆಟವನ್ನು ಹೊಸ ಯಂತ್ರದಲ್ಲಿ ಮುಗಿಸುವ ಸಮಗ್ರ ಮಾರ್ಗದರ್ಶಿ

ಸೂಪರ್ ಮಾರಿಯೋ ಬ್ರದರ್ಸ್ ಆಡಿದವರು ಹುಬ್ಬಳ್ಳಿ-ಧಾರವಾಡದ ಪ್ರತಿ ಓಣಿಯಲ್ಲೂ ಇದ್ದಾರೆ. ಕೊನೆಯ ಕೋಟೆಯ ತನಕ ಹೋಗಿ ರಾಜಕುಮಾರಿಯನ್ನು ಬಿಡಿಸಿಕೊಂಡು ಬಂದವರು ಓಣಿಗೊಬ್ಬರು ಸಿಕ್ಕರೆ ಹೆಚ್ಚು. 1-1 (ಮೊದಲ ವರ್ಲ್ಡಿನ ಮೊದಲ ಸ್ಟೇಜ್) ಎಲ್ಲರಿಗೂ ಬಾಯಿಪಾಠ, 1-2ರ ಗುಪ್ತ ಪೈಪ್ ಅರ್ಧ ಮಂದಿಗೆ ಗೊತ್ತು. 8-1ಕ್ಕೆ ಬಂದವರು ಅಲ್ಲಿನ ತಗ್ಗುಗಳಲ್ಲಿ ಬಿದ್ದು ಕ್ಯಾಸೆಟ್ ಬದಲಿಸಿದವರೇ. ಈಗ ಅದೇ ಆಟ ಹೊಸ ಯಂತ್ರಗಳ ಮೇಲೆ ಸಿಗುತ್ತದೆ. ಕೈಯಲ್ಲಿ ಒಂದಿಷ್ಟು ಸಂಜೆಗಳಿದ್ದರೆ ಈ ಸಲ ಮುಗಿಸಬಹುದು. ಹೇಗೆ ಅನ್ನುವುದು ಈ ಬರಹ.

ನಿಂಟೆಂಡೊ ಈ ಆಟವನ್ನು ಜಪಾನಿನಲ್ಲಿ ಬಿಟ್ಟದ್ದು 1985ರ ಸೆಪ್ಟೆಂಬರ್ 13ರಂದು. ವಿನ್ಯಾಸ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅವರದು, ಸಂಗೀತ ಕೋಜಿ ಕೊಂಡೊ ಅವರದು. ಇಡೀ ಆಟ 40 ಕಿಲೋಬೈಟ್, ಇವತ್ತು ವಾಟ್ಸಾಪ್‌ನಲ್ಲಿ ಬರುವ ಒಂದು ಶುಭೋದಯದ ಚಿತ್ರಕ್ಕಿಂತ ಸಣ್ಣದು. ಅಷ್ಟರೊಳಗೆ 32 ಸ್ಟೇಜ್ ಇವೆ.

ಬಹಳ ವರ್ಷಗಳ ನಂತರ ಮತ್ತೆ ಆಡಲು ಕೂತವರು 1-1ರಲ್ಲೇ ಬಿದ್ದು, ‘ವಯಸ್ಸಾಯ್ತು, ಕೈ ಮೊದಲಿನಂಗಿಲ್ಲ’ ಅಂತ ಕೈಬಿಡುತ್ತಾರೆ. ಕೈ ಹಾಗೇ ಇದೆ, ಬದಲಾದದ್ದು ಬೇರೆ ಎರಡು. ಒಂದನೆಯದು ವೇಗ. ನಮ್ಮ ಕಡೆ ಬರುತ್ತಿದ್ದ ಟಿವಿ ಗೇಮ್‌ಗಳು ಪಾಲ್ ಪದ್ಧತಿಯ (ನಮ್ಮ ದೇಶದ ಹಳೇ ಟಿವಿಗಳ ಚಿತ್ರ ಪದ್ಧತಿ) ನಕಲು ಸೆಟ್‌ಗಳು. ಅವು ಸೆಕೆಂಡಿಗೆ 50 ಚಿತ್ರ ತೋರಿಸುತ್ತಿದ್ದವು. ಮೂಲ ಆಟ ನಡೆಯುವುದು ಸೆಕೆಂಡಿಗೆ 60ರ ಲೆಕ್ಕದಲ್ಲಿ. ಅಂದರೆ ನೀವು ಸಣ್ಣವರಿದ್ದಾಗ ಆಡಿದ್ದು ಆರರಲ್ಲಿ ಒಂದು ಪಾಲು ನಿಧಾನದ ಮಾರಿಯೋ. ಹೊಸ ಯಂತ್ರಗಳು ತೋರಿಸುವುದು ಪೂರ್ತಿ ವೇಗದ ಮಾರಿಯೋ. ಎರಡನೆಯದು ಟಿವಿ. ಹಳೇ ಡಬ್ಬಾ ಟಿವಿ ಬಟನ್ ಒತ್ತಿದ ಕೂಡಲೇ ತೋರಿಸುತ್ತಿತ್ತು, ಈಗಿನ ಚಪ್ಪಟೆ ಟಿವಿ ಯೋಚಿಸಿ ತೋರಿಸುತ್ತದೆ. ಮೊದಲು ಇವೆರಡನ್ನು ಸರಿಪಡಿಸಿಕೊಂಡು ಆಮೇಲೆ ಸ್ಟೇಜ್‌ಗಳಿಗೆ ಹೋಗೋಣ.

ಯಾವ ಯಂತ್ರದ ಮೇಲೆ ಆಡಬೇಕು

ಸುಲಭದ ದಾರಿ ನಿಂಟೆಂಡೊ ಸ್ವಿಚ್. ಅದರ ಆನ್‌ಲೈನ್ ಚಂದಾ ತಗೊಂಡರೆ ಹಳೇ ಎನ್‌ಇಎಸ್ (ಮಾರಿಯೋ ಮೊದಲು ಬಂದ ನಿಂಟೆಂಡೊ ಯಂತ್ರ) ಆಟಗಳ ಗಂಟೇ ಸಿಗುತ್ತದೆ, ಮಾರಿಯೋ ಅದರಲ್ಲಿ 2018ರಿಂದಲೇ ಇದೆ. ಆಟ ಇಳಿಸಿಕೊಂಡ ಮೇಲೆ ಏಳು ದಿನದ ತನಕ ಇಂಟರ್ನೆಟ್ ಇಲ್ಲದೆಯೂ ಆಡಬಹುದು, ಆಮೇಲೆ ಒಮ್ಮೆ ಜಾಲಕ್ಕೆ ಹಚ್ಚಬೇಕು. ನೆಟ್‌ವರ್ಕ್ ಸರಿಯಾಗಿ ಸಿಗದ ಹಾವೇರಿ-ಗದಗದ ಹಳ್ಳಿಗಳಲ್ಲಿರುವವರು ವಾರಕ್ಕೊಮ್ಮೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟರೆ ಸಾಕು. ಇದರಲ್ಲಿ ಎರಡು ಅನುಕೂಲ. ಮೆನುವಿನಿಂದ ಆಟವನ್ನು ಇದ್ದಲ್ಲೇ ಉಳಿಸಬಹುದು, ಒಂದು ಆಟಕ್ಕೆ ಇಂಥ ನಾಲ್ಕು ಜಾಗ. ಜೆಡ್‌ಎಲ್ ಮತ್ತು ಜೆಡ್‌ಆರ್ ಎರಡನ್ನೂ ಒತ್ತಿ ಹಿಡಿದರೆ ಆಟ ಹಿಂದಕ್ಕೆ ಸರಿಯುತ್ತದೆ.

ಎರಡನೆಯದು 2016ರಲ್ಲಿ ಬಂದ ಎನ್‌ಇಎಸ್ ಕ್ಲಾಸಿಕ್ ಮಿನಿ. ಅಂಗೈಯಗಲದ ಪೆಟ್ಟಿಗೆ, ಒಳಗೆ 30 ಆಟ. ರಿಸೆಟ್ ಬಟನ್ ಒತ್ತಿದರೆ ಇಲ್ಲೂ ನಾಲ್ಕು ಕಡೆ ಉಳಿಸಬಹುದು. ಇದರ ರಿಮೋಟಿನ ವೈರ್ ಭಾಳ ಗಿಡ್ಡ, ಮುಕ್ಕಾಲು ಮೀಟರಿನ ಆಸುಪಾಸು. ಟಿವಿ ಬಾಜೂ ನೆಲದ ಮೇಲೆ ಕೂತು ಕತ್ತು ನೋಯಿಸಿಕೊಳ್ಳುವ ಬದಲು 3 ಮೀಟರಿನ ಎಚ್‌ಡಿಎಂಐ ಕೇಬಲ್ ತಂದು ಪೆಟ್ಟಿಗೆಯನ್ನೇ ನಿಮ್ಮ ಹತ್ತಿರ ಇಟ್ಟುಕೊಳ್ಳಿ. 5 ವೋಲ್ಟ್, 1 ಆಂಪಿಯರ್ ಕೊಡುವ ಯಾವುದೇ ಮೊಬೈಲ್ ಚಾರ್ಜರ್ ಇದಕ್ಕೆ ನಡೆಯುತ್ತದೆ. ಪವರ್ ಬ್ಯಾಂಕಿನಿಂದಲೂ ಓಡುತ್ತದೆ, ಆದರೆ ಕರೆಂಟ್ ಹೋದಾಗ ಟಿವಿಯೂ ಆರುವುದರಿಂದ ಅದರಿಂದ ಆಗುವುದು ಆಟ ಕಳೆದುಹೋಗದಂತೆ ಕಾಯುವ ಕೆಲಸ ಮಾತ್ರ. ಅದೂ ಸಣ್ಣ ಕೆಲಸವಲ್ಲ. ಕೊಳ್ಳುವಾಗ ಎಚ್ಚರ: ಇದೇ ಆಕಾರದ ಪೆಟ್ಟಿಗೆಗೆ ‘620 ಆಟ’ ಅಂತ ಬರೆದು ಮಾರುವುದು ನಕಲು ಮಾಲು. ಅಸಲಿನಲ್ಲಿ 30 ಆಟ ಮಾತ್ರ. ನಕಲಿನಲ್ಲಿ ಸಪ್ಪಳ ಅಪಸ್ವರ ಹೊಡೆಯುತ್ತದೆ, ರಿಮೋಟಿನ ಬಟನ್ ತಿಂಗಳೊಳಗೆ ಅಂಟಿಕೊಳ್ಳುತ್ತದೆ.

ಮೂರನೆಯದು 2020ರ ನವೆಂಬರ್ 13ರಂದು ಬಂದ ಗೇಮ್ ಆ್ಯಂಡ್ ವಾಚ್. ಕಿಸೆಯಲ್ಲಿ ಹಿಡಿಸುವ ಇದರ ಪರದೆ 2.36 ಇಂಚು. ಟಿವಿಯ ತಡ ಅನ್ನುವ ಸಮಸ್ಯೆಯೇ ಇಲ್ಲ, ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡ ಮುಟ್ಟುವುದರೊಳಗೆ ನಾಲ್ಕೈದು ಸಲ 8-1 ಅಭ್ಯಾಸ ಮಾಡಬಹುದು. ಆಟವನ್ನು ಆಯ್ದುಕೊಳ್ಳುವಾಗ ಎ ಬಟನ್ ಒತ್ತಿ ಹಿಡಿದರೆ ಎಣಿಕೆಯಿಲ್ಲದಷ್ಟು ಲೈಫ್ ಸಿಗುತ್ತದೆ. ಅಭ್ಯಾಸಕ್ಕೆ ಇದರಷ್ಟು ಒಳ್ಳೆಯದು ಬೇರೊಂದಿಲ್ಲ.

1993ರ ಸೂಪರ್ ಮಾರಿಯೋ ಆಲ್-ಸ್ಟಾರ್ಸ್ ಚಿತ್ರ ಚೆಂದ ಮಾಡಿಸಿಕೊಂಡು ಬಂದ ಇದೇ ಆಟ. ಇದೂ ಸ್ವಿಚ್‌ನ ಎಸ್‌ಎನ್‌ಇಎಸ್ (ಎನ್‌ಇಎಸ್ ನಂತರದ ನಿಂಟೆಂಡೊ ಯಂತ್ರ) ಗಂಟಿನಲ್ಲಿ ಇದೆ. ಮುಟ್ಟಿದ ವರ್ಲ್ಡ್ ಉಳಿದುಕೊಳ್ಳುತ್ತದೆ, ಅದು ಲಾಭ. ಆದರೆ ಇಟ್ಟಂಗಿ ಒಡೆಯುವಾಗ ಒಂದು ವ್ಯತ್ಯಾಸವಿದೆ. ಮೂಲದಲ್ಲಿ ತಲೆ ಬಡಿದ ಕೂಡಲೇ ಮಾರಿಯೋ ಕೆಳಗಿಳಿಯುತ್ತಾನೆ, ಇಲ್ಲಿ ಒಡೆದ ಮೇಲೂ ಮೇಲೇರುತ್ತಲೇ ಇರುತ್ತಾನೆ. ಮೂಲ ಆಡಿ ಕೈ ಕೂತವರಿಗೆ ಇದು ಪ್ರತಿ ಸಲ ಎಡವಿಸುತ್ತದೆ. ಒಂದನ್ನು ಆರಿಸಿಕೊಂಡು ಅದರಲ್ಲೇ ಕಲಿಯಿರಿ. 1999ರ ಗೇಮ್ ಬಾಯ್ ಕಲರ್ ಆವೃತ್ತಿ ಮೊದಲ ಸಲಕ್ಕೆ ಬೇಡವೇ ಬೇಡ. ಮೂಲದಲ್ಲಿ ಪರದೆಯ ಅಗಲಕ್ಕೆ 16 ಇಟ್ಟಂಗಿ ಕಾಣುತ್ತವೆ, ಅದರಲ್ಲಿ ಹತ್ತೇ. ಎದುರಿನ ತಗ್ಗು ಎಷ್ಟು ಅಗಲ ಅನ್ನುವುದು ಹಾರಿದ ಮೇಲೆ ಗೊತ್ತಾಗುತ್ತದೆ.

ಅಟ್ಟದ ಮೇಲಿನ ಹಳೇ ಟಿವಿ ಗೇಮ್ ಇನ್ನೂ ಇದ್ದರೆ ಅದನ್ನೂ ಎಬ್ಬಿಸಬಹುದು. ಕ್ಯಾಸೆಟ್‌ಗೆ ಬಾಯಿ ಹಚ್ಚಿ ಊದುವ ಹಳೇ ಚಟ ಮಾತ್ರ ಬಿಡಿ, ಉಸಿರಿನ ತೇವದಿಂದ ಒಳಗಿನ ತಾಮ್ರದ ಪಟ್ಟಿಗೆ ಕಿಲುಬು ಹಿಡಿಯುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಸಣ್ಣ ಬಾಟ್ಲಿ ತಗೊಂಡು, ಕಿವಿಗೆ ಹಾಕುವ ಹತ್ತಿಕಡ್ಡಿ ಅದ್ದಿ, ಪಟ್ಟಿಗಳ ಉದ್ದಕ್ಕೆ ಒರೆಸಿ. ನಮ್ಮ ಊರಿನ ಧೂಳಿಗೆ ಮೊದಲ ಮೂರು ಕಡ್ಡಿ ಕರ್ರಗೆ ಬರುತ್ತವೆ. ಕಡ್ಡಿ ಬೆಳ್ಳಗೆ ಬರುವ ತನಕ ಒರೆಸಿ, ಹತ್ತು ನಿಮಿಷ ಒಣಗಿಸಿ, ಆಮೇಲೆ ಹಾಕಿ.

ಮೊಬೈಲಿನ ಗಾಜಿನ ಮೇಲೆ ಈ ಆಟ ಮುಗಿಸುವ ಆಸೆ ಬಿಡುವುದು ಒಳ್ಳೆಯದು. ಬೆರಳಿಗೆ ಬಟನ್ನಿನ ಅಂಚು ಸಿಗದಿದ್ದರೆ ಮುಂದೆ ಹೇಳುವ ಒಂದು ಕಸರತ್ತೂ ಆಗುವುದಿಲ್ಲ.

ಟಿವಿಯ ತಡವನ್ನು ಅಳೆದು ಇಳಿಸುವುದು

ಇದು ಎಲ್ಲಕ್ಕಿಂತ ಮುಖ್ಯ, ಆದರೂ ಮಂದಿ ಇದನ್ನೇ ಬಿಡುತ್ತಾರೆ. ಲೆಕ್ಕ ಸರಳ. ಪೂರ್ತಿ ಓಟದಲ್ಲಿ ಮಾರಿಯೋ ಒಂದು ಫ್ರೇಮಿಗೆ (ಸೆಕೆಂಡಿನ 60 ಚಿತ್ರಗಳಲ್ಲಿ ಒಂದು) ಎರಡೂವರೆ ಪಿಕ್ಸೆಲ್ (ಪರದೆಯ ಚುಕ್ಕೆ) ಮುಂದೆ ಹೋಗುತ್ತಾನೆ. ಒಂದು ಇಟ್ಟಂಗಿ 16 ಪಿಕ್ಸೆಲ್. ಟಿವಿ 100 ಮಿಲಿಸೆಕೆಂಡ್ ತಡಮಾಡಿತು ಅಂದರೆ ಆರು ಫ್ರೇಮ್, ಅಂದರೆ 15 ಪಿಕ್ಸೆಲ್. ಹೆಚ್ಚುಕಡಿಮೆ ಒಂದು ಪೂರ್ತಿ ಇಟ್ಟಂಗಿ. ನಿಮ್ಮ ಕಣ್ಣಿಗೆ ಮಾರಿಯೋ ತಗ್ಗಿನ ಅಂಚಿಗಿಂತ ಒಂದು ಇಟ್ಟಂಗಿ ಹಿಂದೆ ಕಾಣುವಾಗ ಆಟದೊಳಗೆ ಅವನು ಆಗಲೇ ಅಂಚಿನ ಮೇಲಿದ್ದಾನೆ. ನೀವು ಸರಿಯಾದ ಹೊತ್ತಿಗೇ ಒತ್ತಿರುತ್ತೀರಿ, ಅವನು ಬಿದ್ದಿರುತ್ತಾನೆ.

ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ ಪಿಕ್ಚರ್ ಮೋಡ್‌ನಲ್ಲಿ ‘ಗೇಮ್’ ಆರಿಸಿ. ಕೆಲವು ಟಿವಿಗಳಲ್ಲಿ ಇದು ಆಯಾ ಎಚ್‌ಡಿಎಂಐ ತೂತಿಗೆ ಬೇರೆ ಬೇರೆಯಾಗಿ ಇರುತ್ತದೆ, ಯಂತ್ರ ಹಚ್ಚಿದ ತೂತಿನಲ್ಲೇ ನಿಂತು ಬದಲಿಸಿ. ಚಿತ್ರ ನುಣುಪು ಮಾಡುವ ಮೋಷನ್ ಆಯ್ಕೆಗಳನ್ನೆಲ್ಲ ಬಂದ್ ಮಾಡಿ. ಬ್ಲೂಟೂತ್ ಸೌಂಡ್‌ಬಾರ್ ಇದ್ದರೆ ಅದನ್ನು ಬಿಟ್ಟು ಟಿವಿಯದೇ ಸ್ಪೀಕರ್ ಬಳಸಿ. ಜಿಗಿತದ ಸಪ್ಪಳ ತಡವಾಗಿ ಬಂದರೆ ಕೈಯ ತಾಳ ತಪ್ಪುತ್ತದೆ.

ಸರಿಯಾಯಿತೋ ಇಲ್ಲವೋ ಅಳೆಯಲು ಮೊಬೈಲ್ ಸಾಕು. ಸ್ಲೋ ಮೋಷನ್ 240 ಫ್ರೇಮ್‌ಗೆ ಇಟ್ಟು, ನಿಮ್ಮ ಹೆಬ್ಬೆರಳು ಮತ್ತು ಟಿವಿ ಪರದೆ ಎರಡೂ ಕಾಣುವ ಹಾಗೆ ಯಾರಿಗಾದರೂ ಹಿಡಿಯಲು ಹೇಳಿ. 1-1ರಲ್ಲಿ ನಿಂತಲ್ಲೇ ಹತ್ತು ಸಲ ಜಿಗಿಯಿರಿ. ಆಮೇಲೆ ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸಿ, ಬಟನ್ ಒಳಗೆ ಹೋದದ್ದರಿಂದ ಮಾರಿಯೋನ ಕಾಲು ನೆಲ ಬಿಡುವ ತನಕ ಎಷ್ಟು ಫ್ರೇಮ್ ಅಂತ ಎಣಿಸಿ. ಒಂದು ಫ್ರೇಮ್ ಅಂದರೆ ಸುಮಾರು 4.2 ಮಿಲಿಸೆಕೆಂಡ್. 20 ಫ್ರೇಮಿನ ಒಳಗಿದ್ದರೆ ಆಡಬಹುದು. 30 ದಾಟಿದರೆ ಆ ಟಿವಿಯ ಮೇಲೆ ವರ್ಲ್ಡ್ 8 ಕಲಿಯಬೇಡಿ. ಕಂಪ್ಯೂಟರ್ ಮಾನಿಟರ್‌ಗೆ ಹಚ್ಚಿ, ಇಲ್ಲವೇ ಸ್ವಿಚ್ ಅನ್ನು ಕೈಯಲ್ಲೇ ಹಿಡಿದು ಆಡಿ.

ಡಬ್ಬಾ ಟಿವಿ ತಂದರೆ ತಡ ಹೋಗುತ್ತದಲ್ಲ ಅಂತ ಗುಜರಿ ಅಂಗಡಿಗೆ ಹೋಗುವ ಮೊದಲು ಒಂದು ಮಾತು. ಹಳೇ ಸೆಟ್ ಇದ್ದವರಿಗೆ ಅದು ಖರೇ ಉಪಯೋಗ. ಸ್ವಿಚ್ ಅಥವಾ ಕ್ಲಾಸಿಕ್ ಮಿನಿಯನ್ನು ಎಚ್‌ಡಿಎಂಐನಿಂದ ಮೂರು ಬಣ್ಣದ ವೈರಿಗೆ ಬದಲಿಸುವ ಅಗ್ಗದ ಡಬ್ಬಿ ಹಾಕಿ ಹಚ್ಚಿದರೆ ಆ ಡಬ್ಬಿಯೇ ತಡ ಸೇರಿಸುತ್ತದೆ, ಚಿತ್ರವೂ ಮಬ್ಬು.

ಚಿತ್ರವನ್ನು ಪರದೆ ತುಂಬ ಎಳೆಯಬೇಡಿ, 4:3ರಲ್ಲೇ ಬಿಡಿ. ಅಗಲಕ್ಕೆ ಎಳೆದರೆ ತಗ್ಗುಗಳು ಇದ್ದದ್ದಕ್ಕಿಂತ ಅಗಲ ಕಂಡು ಕಣ್ಣಿನ ಅಂದಾಜು ಕೆಡುತ್ತದೆ.

ಹೆಬ್ಬೆರಳು ಕೂರುವ ಜಾಗ

ಈ ಆಟದಲ್ಲಿ ಬಿ ಓಡಲು, ಎ ಹಾರಲು. ಎರಡೂ ಒಂದೇ ಹೆಬ್ಬೆರಳಿನ ಕೆಲಸ: ಬೆರಳಿನ ತುದಿ ಬಿ ಮೇಲೆ ಒತ್ತಿಯೇ ಇರಬೇಕು, ಗೆಣ್ಣಿನ ಕಡೆಯ ಭಾಗ ವಾಲಿ ಎ ಒತ್ತಬೇಕು. ಸ್ವಿಚ್‌ನಲ್ಲಿ ಬಿ ಕೆಳಗೆ, ಎ ಬಲಕ್ಕೆ ಇರುವುದರಿಂದ ಬೆರಳು ತಿರುಚಿದಂತಾಗುತ್ತದೆ, ಅರ್ಧ ಗಂಟೆಗೆ ಮಣಿಕಟ್ಟು ನೋಯುತ್ತದೆ. ಸ್ವಿಚ್‌ನ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಬಟನ್ ಬದಲಿಸುವ ಸೌಕರ್ಯ 2020ರಿಂದ ಇದೆ. ವೈ ಬಟನ್‌ಗೆ ಬಿ ಕೆಲಸ, ಬಿ ಬಟನ್‌ಗೆ ಎ ಕೆಲಸ ಕೊಡಿ. ಆಗ ಓಟ ಎಡಕ್ಕೆ, ಜಿಗಿತ ಕೆಳಗೆ ಬಂದು ಹೆಬ್ಬೆರಳು ತಾನಾಗಿ ಅಡ್ಡ ಕೂರುತ್ತದೆ. ಈ ಬದಲಾವಣೆ ಇಡೀ ಯಂತ್ರಕ್ಕೆ ತಗಲುತ್ತದೆ, ಬೇರೆ ಆಟಕ್ಕೆ ಹೋಗುವಾಗ ಮರಳಿ ಹಾಕುವುದನ್ನು ಮರೆಯಬೇಡಿ.

ಹಳೇ ನಕಲು ಸೆಟ್ಟಿನ ರಿಮೋಟಿನಲ್ಲಿ ಟರ್ಬೊ ಬಟನ್ ಎರಡು ಇರುತ್ತಿದ್ದವು. ಬಹಳ ಮಂದಿಗೆ ಟರ್ಬೊ ಒತ್ತಿ ಹಾರುವ ರೂಢಿ ಕೂತುಬಿಟ್ಟಿದೆ. ಅದನ್ನು ಮುರಿಯಬೇಕು. ಮಾರಿಯೋ ಎಷ್ಟು ಎತ್ತರ ಹಾರುತ್ತಾನೆ ಅನ್ನುವುದು ಎ ಎಷ್ಟು ಹೊತ್ತು ಹಿಡಿದಿರಿ ಎಂಬುದರ ಮೇಲೆ ನಿಂತಿದೆ. ಟರ್ಬೊ ಅದನ್ನು ಪಟಪಟ ಬಿಟ್ಟು ಒತ್ತುವುದರಿಂದ ಪೂರ್ತಿ ಜಿಗಿತ ಬರುವುದೇ ಇಲ್ಲ.

ಇನ್ನು ಓಟದ ಗುಣ. ನಿಂತಲ್ಲಿಂದ ಪೂರ್ತಿ ವೇಗ ಬರಲು ಮುಕ್ಕಾಲು ಸೆಕೆಂಡಿನ ಆಸುಪಾಸು ಬೇಕು, ಅಷ್ಟರೊಳಗೆ ಮೂರ್ನಾಲ್ಕು ಇಟ್ಟಂಗಿಯಷ್ಟು ನೆಲ ಖರ್ಚಾಗುತ್ತದೆ. ನಡೆದು ಹಾರಿದರೆ ಗಾಳಿಯಲ್ಲಿ ಬಿ ಒತ್ತಿ ಉಪಯೋಗವಿಲ್ಲ, ನೆಲದ ಮೇಲೆ ಗಳಿಸಿದ ವೇಗವೇ ಗಾಳಿಯಲ್ಲಿ ಸಿಗುವುದು. ಆದ್ದರಿಂದ ಅಗಲ ತಗ್ಗು ಕಂಡಾಗ ಅಂಚಿಗೆ ಹೋಗಿ ನಿಂತು ಯೋಚಿಸುವುದು ತಪ್ಪು. ಐದು ಇಟ್ಟಂಗಿ ಹಿಂದೆ ನಿಂತು ಯೋಚಿಸಿ, ಬಿ ಹಿಡಿದು ಓಡಿ, ಅಂಚಿನ ಕೊನೆಯ ಇಟ್ಟಂಗಿಯ ಮೇಲೆ ಕಾಲಿಟ್ಟಾಗ ಎ ಒತ್ತಿ ಹಿಡಿಯಿರಿ. ಒಂದೇ ಇಟ್ಟಂಗಿ ಅಗಲದ ತಗ್ಗನ್ನು ಹಾರಬೇಕಾಗಿಯೇ ಇಲ್ಲ, ಪೂರ್ತಿ ಓಟದಲ್ಲಿದ್ದರೆ ಮಾರಿಯೋ ಅದರ ಮೇಲೆ ಓಡಿಹೋಗುತ್ತಾನೆ. ಮೊದಲ ಸಲ ಎದೆ ಝಲ್ ಅನ್ನುತ್ತದೆ, ನಂಬಿ ಓಡಿ.

ಮೊದಲ ಸಂಜೆ 1-1 ಒಂದನ್ನೇ ಆಡಿ. ಬಿ ಮೇಲಿಂದ ಬೆರಳು ಎತ್ತದೆ ಧ್ವಜದ ತನಕ ಹೋಗುವುದು ಗುರಿ. ಗೂಂಬಾಗೆ (ಅಣಬೆಯಂಥ ಕಂದು ಶತ್ರು) ತಾಗಿ ಸತ್ತರೂ ಬೆರಳು ಎತ್ತಬೇಡಿ. ಐದು ಸಲ ಸಾಲಾಗಿ ಹಾಗೆ ಮುಟ್ಟಿದ ದಿನ ಮುಂದಕ್ಕೆ ಹೋಗಿ.

ದಾರಿ

32 ಸ್ಟೇಜ್ ಎಲ್ಲವನ್ನೂ ಆಡುವುದು ಆಮೇಲಿನ ಮಾತು. ಮೊದಲ ಸಲಕ್ಕೆ ಎಂಟೇ ಸ್ಟೇಜಿನ ದಾರಿ ಹಿಡಿಯಿರಿ: 1-1, 1-2, 4-1, 4-2, ಅಲ್ಲಿಂದ 8-1, 8-2, 8-3, 8-4. ಇದೇ ದಾರಿಯಲ್ಲಿ ಜಗತ್ತಿನ ವೇಗದ ಆಟಗಾರರು ಐದು ನಿಮಿಷದೊಳಗೆ ಆಟ ಮುಗಿಸುತ್ತಾರೆ. ಅಡ್ಡದಾರಿ ಹಿಡಿದರೆ ಮೋಸ ಅಲ್ಲವೇ ಅನ್ನುವ ಸಂಕೋಚ ಬೇಡ. ಅದನ್ನು ಮಾಡಿದವರೇ ಇಟ್ಟ ದಾರಿ ಅದು. ಚಕ್ರವ್ಯೂಹದಂತಿರುವ 4-4 ಮತ್ತು 7-4 ಕೋಟೆಗಳೂ ಇದರಿಂದ ತಪ್ಪುತ್ತವೆ.

1-2ರಲ್ಲಿ ಕೊನೆಯ ಕಡೆಗೆ ಮೇಲೇರುವ ಲಿಫ್ಟ್ ಸಿಗುತ್ತದೆ. ಅದರ ಮೇಲೆ ನಿಂತು ಏರಿ, ಚಾವಣಿಯ ಇಟ್ಟಂಗಿಯ ಮೇಲಕ್ಕೆ ಹಾರಿ. ಮಾರಿಯೋ ಈಗ ಅಂಕ ಬರೆದ ಸಾಲಿನ ಹತ್ತಿರ ಇರುತ್ತಾನೆ. ಬಲಕ್ಕೆ ಓಡುತ್ತಲೇ ಇರಿ, ಹೊರಗೆ ಹೋಗುವ ಪೈಪನ್ನೂ ದಾಟಿ ಮುಂದೆ ಹೋದರೆ ಮೂರು ಪೈಪಿನ ಕೋಣೆ. ಎಡದಿಂದ 4, 3, 2.

ಇಲ್ಲಿ ಒಂದು ಆಯ್ಕೆ ಇದೆ. ಕೈ ಇನ್ನೂ ಅಳುಕುತ್ತಿದ್ದರೆ 4ರ ಬದಲು 3ಕ್ಕೆ ಹೋಗಿ. 3-1ರ ಕೊನೆಯ ಪಾವಟಿಗೆಗಳ ಮೇಲಿಂದ ಎರಡು ಆಮೆ ಒಂದರ ಹಿಂದೊಂದು ಇಳಿದು ಬರುತ್ತವೆ. ಮೊದಲನೆಯದನ್ನು ದಾಟಿ, ಎರಡನೆಯದು ಒಂದು ಪಾವಟಿಗೆಯ ಮೇಲಿರುವಾಗ ತುಳಿಯಿರಿ. ಚಿಪ್ಪಿನ ನಟ್ಟನಡುವೆ ಬೀಳಬಾರದು, ತುಸು ಎಡಗಡೆ ಬೀಳಬೇಕು. ಆಗ ಚಿಪ್ಪು ಬಲಕ್ಕೆ ಚಿಮ್ಮಿ ಮುಂದಿನ ಪಾವಟಿಗೆಯ ಗೋಡೆಗೆ ಬಡಿದು ಮರಳಿ ನಿಮ್ಮ ಕಾಲಡಿಗೇ ಬರುತ್ತದೆ, ಮತ್ತೆ ತುಳಿತ, ಮತ್ತೆ ಬಡಿತ. ಮಾರಿಯೋ ಒಂದೇ ಕಡೆ ಪುಟಿಯುತ್ತಾನೆ, ಅಂಕ ಏರುತ್ತ 8000 ಆಗಿ ಆಮೇಲೆ ಪ್ರತಿ ಪುಟಿತಕ್ಕೆ ಒಂದು ಲೈಫ್. ಬಲಗಡೆ ಬಿದ್ದರೆ ಚಿಪ್ಪು ಎಡಕ್ಕೆ ಉರುಳಿ ಇಳಿದು ಹೋಗುತ್ತದೆ, ಆ ಸಲ ಅಷ್ಟೇ. ಶುರುವಾದ ಮೇಲೆ ಬಾಣದ ಬಟನ್ ಮುಟ್ಟಬೇಡಿ.

ಆಸೆಗೆ ಮಿತಿ ಇರಲಿ. ಆಟ ಲೈಫ್ ಎಣಿಸುವುದು 127ರ ತನಕ. ಅದನ್ನು ದಾಟಿದರೆ ಒಳಗಿನ ಲೆಕ್ಕ ಋಣಸಂಖ್ಯೆಗೆ ತಿರುಗಿ, ಮುಂದಿನ ಸಲ ಸತ್ತ ಕೂಡಲೇ ಗೇಮ್ ಓವರ್. ಮೂವತ್ತು ನಲವತ್ತಕ್ಕೆ ನಿಲ್ಲಿಸಿ. ಹತ್ತು ದಾಟಿದ ಮೇಲೆ ಪರದೆಯ ಮೇಲೆ ಅಂಕಿಯ ಬದಲು ಕಿರೀಟ ಕಾಣುತ್ತದೆ, ಯಂತ್ರ ಕೆಟ್ಟಿತು ಅಂತ ಗಾಬರಿಯಾಗಬೇಡಿ.

4-1ರಲ್ಲಿ ಮೋಡದ ಮೇಲೆ ಕೂತು ಮುಳ್ಳಿನ ಆಮೆ ಎಸೆಯುವವನು ಬರುತ್ತಾನೆ. ನಿಂತರೆ ಮುಳ್ಳು ತುಂಬುತ್ತವೆ. ಬಿ ಬಿಡದೆ ಓಡಿದರೆ ಅವನು ಎಸೆದದ್ದು ಹಿಂದೆ ಬೀಳುತ್ತದೆ.

4-2ರಲ್ಲಿ ಲಿಫ್ಟ್ ದಾಟಿದ ಮೇಲೆ ಮೇಲೆ ಮೂರು ಇಟ್ಟಂಗಿಯ ಸಾಲು ಸಿಗುತ್ತದೆ. ಅದರ ಸುತ್ತ ಕಣ್ಣಿಗೆ ಕಾಣದ ನಾಣ್ಯದ ಡಬ್ಬಿಗಳಿವೆ. ಕೆಳಗಿನಿಂದ ತಲೆ ಬಡಿದರೆ ಹೊರಬರುತ್ತವೆ, ಅವನ್ನೇ ಪಾವಟಿಗೆ ಮಾಡಿಕೊಳ್ಳಬೇಕು. ಮೂರರಲ್ಲಿ ಒಂದರಿಂದ ಬಳ್ಳಿ ಏಳುತ್ತದೆ, ಎಡಗಡೆಯಿಂದ ಬಡಿಯುತ್ತ ಹೋಗಿ. ಬಳ್ಳಿ ಹತ್ತಿ ಮೇಲೆ ಹೋಗಿ ಬಲಕ್ಕೆ ಓಡಿದರೆ 8, 7, 6ರ ಪೈಪ್. ಇದೇ ಸ್ಟೇಜಿನ ಕೊನೆಯಲ್ಲಿ 1-2ರ ಹಾಗೆ ಚಾವಣಿ ಮೇಲೆ ಓಡಿದರೆ ಸಿಗುವುದು 5ರ ಪೈಪ್ ಒಂದೇ. ಬಹಳ ಮಂದಿ 8 ಸಿಗುತ್ತದೆ ಅಂತ ಅಲ್ಲಿಗೆ ಹೋಗಿ ಮೋಸ ಹೋಗುತ್ತಾರೆ. ಪರದೆ ಎಡಕ್ಕೆ ಸರಿಯುವುದಿಲ್ಲವಾದ್ದರಿಂದ ಬಳ್ಳಿಯ ಜಾಗ ದಾಟಿದರೆ ಮರಳಿ ಬರಲೂ ಆಗದು.

ವರ್ಲ್ಡ್ 8

ಇಲ್ಲಿ ನಡುದಾರಿಯ ನಿಲುಗಡೆ ಒಂದೂ ಇಲ್ಲ. ಸತ್ತರೆ ಸ್ಟೇಜಿನ ಮೊದಲಿಂದ. ಎಲ್ಲ ಲೈಫ್ ಮುಗಿದು ಗೇಮ್ ಓವರ್ ಆದರೂ ಹೆದರಬೇಡಿ. ಮೊದಲ ಪರದೆ ಬಂದಾಗ ಎ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ ಸತ್ತ ವರ್ಲ್ಡಿನ ಮೊದಲ ಸ್ಟೇಜಿನಿಂದ ಶುರುವಾಗುತ್ತದೆ. ಈ ಗುಟ್ಟು 1985ರಿಂದಲೂ ಆಟದಲ್ಲಿದೆ. ಯಂತ್ರ ಬಂದ್ ಮಾಡಿದರೆ ಮಾತ್ರ ಇದು ಹೋಗುತ್ತದೆ.

ಉಳಿಸುವ ಜಾಗ ನಾಲ್ಕು, ವರ್ಲ್ಡ್ 8ರ ಸ್ಟೇಜೂ ನಾಲ್ಕು. ಒಂದೊಂದರ ಆರಂಭಕ್ಕೆ ಒಂದೊಂದು ಜಾಗ ಇಡಿ. ಸ್ಟೇಜ್ ಶುರುವಾಗಿ ಮಾರಿಯೋ ನೆಲದ ಮೇಲೆ ನಿಂತಿರುವಾಗಲೇ ಉಳಿಸಿ. ಗಾಳಿಯಲ್ಲಿರುವಾಗ ಉಳಿಸಿ, ಆ ಜಿಗಿತ ತಪ್ಪಾಗಿದ್ದರೆ, ತೆರೆದಾಗಲೆಲ್ಲ ಅದೇ ತಗ್ಗಿಗೆ ಬೀಳುತ್ತಿರುತ್ತೀರಿ. ಹಿಂದಕ್ಕೆ ಸರಿಸುವ ಸೌಕರ್ಯವನ್ನು ಜಾಗ ಗುರುತು ಮಾಡಿಕೊಳ್ಳಲು ಬಳಸಿ, ದಾಟಲು ಬಳಸಬೇಡಿ. ಹಾಗೆ ದಾಟಿದ ತಗ್ಗನ್ನು ಬೆರಳು ಕಲಿತಿರುವುದಿಲ್ಲ.

8-1ಕ್ಕೆ ಕೊಟ್ಟ ಸಮಯ 300. ಆಟದ ಒಂದು ಎಣಿಕೆ 24 ಫ್ರೇಮ್, ಅಂದರೆ 0.4 ಸೆಕೆಂಡ್, ಹೀಗಾಗಿ ನಿಮ್ಮ ಗಡಿಯಾರದಲ್ಲಿ ಅದು ಎರಡೇ ನಿಮಿಷ. ಸ್ಟೇಜೋ ಆಟದಲ್ಲೇ ಎಲ್ಲಕ್ಕಿಂತ ಉದ್ದ. ನಿಂತು ನಿಂತು ಆಡಿದವರು ಶತ್ರುವಿಗೆ ಸಿಗದೆಯೂ ಸಮಯ ಮುಗಿದು ಸಾಯುವುದು ಇಲ್ಲಿಯೇ. ನಾಣ್ಯ ಆರಿಸಲು ನಿಲ್ಲಬೇಡಿ. ಪೈಪಿನ ಪಕ್ಕಕ್ಕೆ ಅಂಟಿ ನಿಂತರೆ ಅಥವಾ ಅದರ ಮೇಲೆ ನಿಂತರೆ ಒಳಗಿನ ಗಿಡ ಹೊರಬರುವುದಿಲ್ಲ, ಉಸಿರು ತಗೊಳ್ಳಲು ಅದೇ ಜಾಗ. ಕೊನೆಗೆ ಬರುವ ಅಗಲ ತಗ್ಗಿನ ನಡುವೆ ಒಂದೇ ಇಟ್ಟಂಗಿ ಅಗಲದ ಕಂಬ ಇದೆ. ಪೂರ್ತಿ ಓಟದಲ್ಲಿ ಹಾರಿ ಕಂಬದ ಮೇಲೆ ಇಳಿದ ಕ್ಷಣಕ್ಕೇ ಮತ್ತೆ ಎ ಒತ್ತಬೇಕು. ಇಳಿದು, ನಿಂತು, ಆಮೇಲೆ ಹಾರುತ್ತೇನೆ ಅಂದರೆ ಜಾರಿ ಬೀಳುತ್ತೀರಿ, ನಿಂತರೂ ಮುಂದಿನ ಜಿಗಿತಕ್ಕೆ ಓಡಲು ನೆಲವಿಲ್ಲ. ಬಾಯಲ್ಲಿ ‘ಒಂದು-ಎರಡು’ ಅಂತ ಎಣಿಸುತ್ತ ಹಾರಿದರೆ ತಾಳ ಸಿಗುತ್ತದೆ.

8-2ರ ಮೊದಲಿಗೇ ಪಾವಟಿಗೆಗಳು, ಮೇಲೆ ಮೋಡದವನು. ಓಡಿ. ಮುಂದೆ ಗುಂಡಿನ ಫಿರಂಗಿಗಳು ಬರುತ್ತವೆ. ಫಿರಂಗಿಗೆ ಅಂಟಿಕೊಂಡು ನಿಂತರೆ ಅದು ಹಾರಿಸುವುದಿಲ್ಲ. ಹಾರಿ ಬಂದ ಗುಂಡನ್ನು ತುಳಿದು ಬೀಳಿಸಬಹುದು, ಬೆಂಕಿ ಎಸೆದರೆ ಏನೂ ಆಗದು.

8-3 ಅಂದರೆ ಸುತ್ತಿಗೆ ಎಸೆಯುವ ಆಮೆಗಳು. ಈ ಆಟದಲ್ಲಿ ಹೆಚ್ಚು ಮಂದಿಯ ಧೈರ್ಯ ಕೆಡಿಸಿದವರು ಇವರೇ. ಇಬ್ಬರು ಜೋಡಿಯಾಗಿ ಇಟ್ಟಂಗಿಯ ಎರಡು ಸಾಲಿನ ಮೇಲೆ ಹತ್ತಿ ಇಳಿಯುತ್ತಿರುತ್ತಾರೆ. ದೂರ ನಿಂತು ಕಾಯ್ದರೆ ಲಾಭವಿಲ್ಲ, ಸ್ವಲ್ಪ ಹೊತ್ತಿಗೆ ಅವರೇ ನಿಮ್ಮ ಕಡೆ ಬರುತ್ತಾರೆ. ಎರಡು ದಾರಿ ಇವೆ. ಅವರ ಕಾಲ ಕೆಳಗಿನ ಇಟ್ಟಂಗಿಗೆ ಕೆಳಗಿಂದ ತಲೆ ಬಡಿಯುವುದು ಒಂದು, ಮೇಲಿದ್ದವನು ಉರುಳುತ್ತಾನೆ. ಕೆಳಗಿನವನು ಮೇಲಕ್ಕೆ ಜಿಗಿದ ಕ್ಷಣ ಬಿ ಹಿಡಿದು ಅವನಡಿಯಿಂದ ನುಗ್ಗುವುದು ಇನ್ನೊಂದು. ಸುತ್ತಿಗೆ ಕಮಾನಾಗಿ ಹೋಗುತ್ತದೆ, ಅವರ ತೀರಾ ಹತ್ತಿರ ಇದ್ದರೆ ಅದು ತಲೆಯ ಮೇಲಿಂದ ದಾಟುತ್ತದೆ. ಹಿಂದೆ ಸರಿದರೆ ಸುತ್ತಿಗೆ ಬೀಳುವ ಜಾಗಕ್ಕೇ ಹೋಗಿ ನಿಂತ ಹಾಗೆ. ಹೂವಿನಿಂದ ಸಿಗುವ ಬೆಂಕಿ ಎಸೆಯುವ ಶಕ್ತಿ ಉಳಿದಿದ್ದರೆ ಒಂದೇ ಬೆಂಕಿಯುಂಡೆಗೆ ಒಬ್ಬ ಹೋಗುತ್ತಾನೆ, ಪರದೆಯ ಮೇಲೆ ಒಮ್ಮೆಗೆ ಎರಡೇ ಉಂಡೆ ಇರಲು ಸಾಧ್ಯ. ನೆನಪಿರಲಿ, ಬೆಂಕಿ ಮಾರಿಯೋಗೆ ಒಂದು ಪೆಟ್ಟು ಬಿದ್ದರೆ ನೇರ ಸಣ್ಣ ಮಾರಿಯೋ ಆಗುತ್ತಾನೆ, ನಡುವಿನ ಹಂತವಿಲ್ಲ.

8-4 ಪೈಪ್‌ಗಳ ಗೋಜಲು. ತಪ್ಪು ಪೈಪಿಗೆ ಇಳಿದರೆ, ಇಲ್ಲವೇ ಸರಿಯಾದ ಪೈಪ್ ಬಿಟ್ಟು ಮುಂದೆ ಓಡಿದರೆ, ಅದೇ ಜಾಗ ಸುತ್ತಿ ಸುತ್ತಿ ಬರುತ್ತದೆ. ಒಂದು ಹಾಳೆ, ಪೆನ್ನು ಬಾಜೂಕ್ಕೆ ಇಟ್ಟುಕೊಳ್ಳಿ. ಹೋದ ಪ್ರತಿ ಪೈಪನ್ನು ಗುರುತು ಹಾಕಿ, ಎಲ್ಲಿಗೆ ಬಂತು ಬರೆಯಿರಿ. ಪ್ರತಿ ಕೋಣೆಯಲ್ಲೂ ಲಾವಾದ ತಗ್ಗು ದಾಟಿದ ಕೂಡಲೇ ಸಿಗುವ ಪೈಪನ್ನು ಮೊದಲು ನೋಡಿ. ಎರಡನೇ ಕೋಣೆಯ ಪೈಪ್ ಗಾಳಿಯಲ್ಲಿ ತೇಲುತ್ತದೆ, ನೇರ ಹಾರಿದರೆ ಎಟುಕುವುದಿಲ್ಲ. ಅದರ ಹತ್ತಿರ ಕಾಣದ ಡಬ್ಬಿಯೊಂದಿದೆ, ಪೈಪಿನ ಬದಿಯಲ್ಲಿ ಜಿಗಿಯುತ್ತ ತಲೆಗೆ ಟಪ್ ಅಂತ ತಾಗುವ ತನಕ ಹುಡುಕಿ, ಅದರ ಮೇಲೆ ಹತ್ತಿ ಪೈಪಿಗೆ ಹೋಗಿ. ಮುಂದೆ ನೀರಿನ ಕೋಣೆ ಬರುತ್ತದೆ, ಒಳಗೆ ತಿರುಗುವ ಬೆಂಕಿ ಸರಪಳಿ. ಅಲ್ಲಿ ಬಿ ಬಿಡಿ, ಎ ಮಾತ್ರ ಸಾವಕಾಶ ಒತ್ತುತ್ತ ತೇಲಿ. ನೀರು ಕಂಡಿತು ಅಂದರೆ ದಾರಿ ಸರಿ ಇದೆ.

ಹೊರಬಂದ ಮೇಲೆ ಮತ್ತೊಬ್ಬ ಸುತ್ತಿಗೆಯವನು, ಅವನಾಚೆ ನಮ್ಮ ಓಣಿಗಳಲ್ಲಿ ‘ಡ್ರ್ಯಾಗನ್’ ಅಂತಲೇ ಹೆಸರಾದ ಬೌಸರ್. ಬೆಂಕಿ ಉಗುಳುತ್ತ ಸುತ್ತಿಗೆಯನ್ನೂ ಎಸೆಯುತ್ತಾನೆ. ಕೈಯಲ್ಲಿ ಬೆಂಕಿ ಇದ್ದರೆ ಐದು ಉಂಡೆ ಸಾಕು. ಇಲ್ಲದಿದ್ದರೆ ಅವನು ಎತ್ತರ ಜಿಗಿಯುವ ತನಕ ದೂರವೇ ಇದ್ದು, ಜಿಗಿದ ಕೂಡಲೇ ಅಡಿಯಿಂದ ಓಡಿ ಹೋಗಿ ಸೇತುವೆಯ ತುದಿಯ ಕೊಡಲಿ ಮುಟ್ಟಿ. ದೊಡ್ಡ ಮಾರಿಯೋ ಆಗಿದ್ದರೆ ಮತ್ತೂ ಸುಲಭ. ಬೇಕಂತಲೇ ಅವನಿಗೆ ತಾಗಿ ಸಣ್ಣವರಾಗಿ, ಮೈ ಮಿಣುಕುತ್ತಿರುವಷ್ಟು ಹೊತ್ತು ಏನೂ ತಾಗುವುದಿಲ್ಲ, ಅವನ ಮೈಯೊಳಗಿಂದಲೇ ನಡೆದುಹೋಗಿ ಕೊಡಲಿ ಹಿಡಿಯಿರಿ. ಆದ್ದರಿಂದ 8-4ರ ದಾರಿಯುದ್ದಕ್ಕೂ ದೊಡ್ಡ ಮೈ ಉಳಿಸಿಕೊಳ್ಳುವುದು ಹೂವಿನಷ್ಟೇ ಬೆಲೆಯದು.

ರಾಜಕುಮಾರಿ ಸಿಕ್ಕು ಮೊದಲ ಪರದೆಗೆ ಮರಳಿದ ಮೇಲೆ ಬಿ ಒತ್ತಿ ನೋಡಿ. ಯಾವ ವರ್ಲ್ಡ್ ಬೇಕೋ ಅದನ್ನು ಆರಿಸಬಹುದು. ಬಿಟ್ಟು ಬಂದ 24 ಸ್ಟೇಜ್ ಆಡಲು ಇದೇ ಹೊತ್ತು. ಈ ಸುತ್ತಿನಲ್ಲಿ ಗೂಂಬಾಗಳ ಬದಲು ಕರಿ ಚಿಪ್ಪಿನ ಬೀಟಲ್‌ಗಳು ಬರುತ್ತವೆ. ಅವಕ್ಕೆ ಬೆಂಕಿ ನಾಟುವುದಿಲ್ಲ, ತುಳಿದರೆ ಚಿಪ್ಪಾಗಿ ಉಳಿದು ಒದ್ದರೆ ಮರಳಿ ನಿಮ್ಮ ಕಡೆಗೇ ಬರುತ್ತವೆ. 1-1ರ ಮೊದಲ ಹೆಜ್ಜೆಯಿಂದಲೇ ಗಮನವಿಟ್ಟು ಆಡಿ.